ಮೊಲದ ಹೆಸರು ನಡೆದ ದಾರಿ



ಪದಗಳ ಚರಿತ್ರೆಯನ್ನು ಮಾತಾಡುವಾಗ ನಾವು ಹೆಚ್ಚಾಗಿ ಕೇಳುವುದು ಒಂದೇ ಪ್ರಶ್ನೆ: ಇದರ ಮೂಲ ಯಾವುದು? ಸಂಸ್ಕೃತವೋ, ದ್ರಾವಿಡವೋ, ಪಾರಸಿಯೋ ಎಂದು ತೀರ್ಮಾನವಾದರೆ ಕೆಲಸ ಮುಗಿಯಿತೆಂದು ಪುಸ್ತಕ ಮಡಚಿಡುತ್ತೇವೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಇನ್ನೊಂದು ಪ್ರಶ್ನೆ. ಈ ಪದವನ್ನು ಹೊತ್ತು ತಂದವರು ಯಾರು, ಯಾವ ಕೆಲಸಕ್ಕಾಗಿ ತಂದರು? ಮೂಲ ಒಂದು ಬಿಂದು, ದಾರಿ ಒಂದು ಚರಿತ್ರೆ. ಇದನ್ನು ತೋರಿಸಲು ಫ್ರೆಂಚ್ ಭಾಷೆಯಲ್ಲಿ ಮೊಲಕ್ಕಿರುವ ಹೆಸರನ್ನು ಆರಿಸಿಕೊಂಡಿದ್ದೇನೆ. ಸಣ್ಣ ಪ್ರಾಣಿ. ಆದರೆ ಅದರ ಹೆಸರು ಐರ್ಲೆಂಡಿನಿಂದ ಜಾವಾದವರೆಗೆ, ಐಸ್‌ಲೆಂಡಿನಿಂದ ಹೈಟಿಯವರೆಗೆ ನಡೆದಿದೆ.

ಮೊದಲು ಪ್ರಾಣಿಯ ವಿಚಾರ ಸ್ಪಷ್ಟವಾಗಬೇಕು. ನಮ್ಮ ಹೊಲದಂಚಿನಲ್ಲಿ, ಕುರುಚಲು ಕಾಡಿನಲ್ಲಿ ಓಡುವ ಮೊಲ ಬಿಲ ತೋಡುವುದಿಲ್ಲ. ಪೊದೆಯ ಬುಡದಲ್ಲೋ ಹುಲ್ಲಿನ ಮರೆಯಲ್ಲೋ ಮಲಗುತ್ತದೆ. ಅದರ ಮರಿ ಹುಟ್ಟುವಾಗಲೇ ಕಣ್ಣು ತೆರೆದಿರುತ್ತದೆ, ಮೈತುಂಬ ಕೂದಲಿರುತ್ತದೆ. ಮನೆಗಳಲ್ಲಿ, ಸಾಕಣೆ ಕೇಂದ್ರಗಳಲ್ಲಿ, ಪ್ರಯೋಗಾಲಯಗಳಲ್ಲಿ ಕಾಣುವ ಬಿಳಿ ಮೊಲ ಬೇರೆಯೇ ಜಾತಿ. ಅದರ ಪೂರ್ವಜರು ನೆಲದಡಿ ಬಿಲಗಳ ಊರನ್ನೇ ಕಟ್ಟಿ ಗುಂಪಾಗಿ ಬಾಳುವವರು. ಮರಿ ಹುಟ್ಟುವುದು ಕುರುಡಾಗಿ, ಬೋಳುಮೈಯಲ್ಲಿ. ಕನ್ನಡದಲ್ಲಿ ಎರಡೂ ಮೊಲವೇ. ಫ್ರೆಂಚರಿಗೆ ಮೊದಲನೆಯದು ಲಿಯೆವ್ರ್, ಎರಡನೆಯದು ಲಪ್ಯಾಂ. ಈ ಉಪನ್ಯಾಸದ ಮಟ್ಟಿಗೆ ಎರಡನೆಯದನ್ನು ಬಿಲಮೊಲ ಎನ್ನುತ್ತೇನೆ.

ಹಿಮಯುಗ ಮುಗಿದಾಗ ಈ ಬಿಲಮೊಲ ಉಳಿದಿದ್ದು ಇಂದಿನ ಸ್ಪೇನ್, ಪೋರ್ಚುಗಲ್ ಮತ್ತು ದಕ್ಷಿಣ ಫ್ರಾನ್ಸಿನಲ್ಲಿ. ಯೂರೋಪಿನ ಉತ್ತರಕ್ಕೆ ಅದರ ಪರಿಚಯವೇ ಇರಲಿಲ್ಲ. ಕಾಡುಮೊಲಕ್ಕೆ ಜರ್ಮನರ ಬಳಿ, ಕೆಲ್ಟರ ಬಳಿ, ಸ್ಲಾವರ ಬಳಿ ಹಳೆಯ ಹೆಸರುಗಳಿದ್ದವು. ಬಿಲಮೊಲಕ್ಕೆ ಯಾರ ಬಳಿಯೂ ಇರಲಿಲ್ಲ. ಇಲ್ಲದ ಪ್ರಾಣಿಗೆ ಹೆಸರು ಎಲ್ಲಿಂದ ಬರಬೇಕು? ಈ ಕಥೆಯೆಲ್ಲ ಹುಟ್ಟುವುದು ಈ ಒಂದು ಸಂಗತಿಯಿಂದ.

ರೋಮನರು ಸ್ಪೇನಿಗೆ ಬಂದಾಗ ಈ ಪ್ರಾಣಿಯನ್ನು ನೋಡಿ ಬೆರಗಾದರು. ಲ್ಯಾಟಿನ್ನಿನಲ್ಲಿ ಅದಕ್ಕೆ ಕುನಿಕುಲುಸ್ ಎಂಬ ಹೆಸರು ನೆಲೆಯಾಯಿತು. ಅದು ಐಬೀರಿಯಾದ ಸ್ಥಳೀಯ ಭಾಷೆಯೊಂದರ ಪದವಾಗಿರಬೇಕೆಂದು ಬಹುತೇಕ ವಿದ್ವಾಂಸರು ಭಾವಿಸುತ್ತಾರೆ. ಅದೇ ಪದಕ್ಕೆ ನೆಲದಡಿಯ ದಾರಿ, ಕೋಟೆಯ ಗೋಡೆಯ ಕೆಳಗೆ ಸೈನಿಕರು ತೋಡುವ ಸುರಂಗ ಎಂಬ ಅರ್ಥವೂ ಇತ್ತು. (ನಮ್ಮ ‘ಸುರಂಗ’ವೂ ಸಂಸ್ಕೃತದ ಮೂಲಕ ಬಂದ ಗ್ರೀಕ್ ಪದ ಎಂಬ ಅಭಿಪ್ರಾಯ ಪ್ರಬಲವಾಗಿದೆ. ಮುತ್ತಿಗೆಯ ವಿದ್ಯೆಯ ಜೊತೆ ಮಾತೂ ಪ್ರಯಾಣ ಮಾಡಿದೆ.) ಬಿಲಮೊಲಗಳು ತೋಡಿ ತೋಡಿ ಸ್ಪೇನಿನಲ್ಲಿ ಒಂದು ಪಟ್ಟಣವನ್ನೇ ಕುಸಿಯುವಂತೆ ಮಾಡಿದವು ಎಂದು ರೋಮನ್ ವಿದ್ವಾಂಸ ವಾರ್ರೋ ಹೇಳಿದ್ದನ್ನು ಹಿರಿಯ ಪ್ಲೀನಿ ದಾಖಲಿಸುತ್ತಾನೆ. ಬಲಿಯಾರಿಕ್ ದ್ವೀಪಗಳ ಜನ ಇವುಗಳ ಕಾಟ ತಾಳಲಾರದೆ ಅಗಸ್ಟಸ್ ಚಕ್ರವರ್ತಿಯ ಬಳಿ ಸೈನಿಕರ ನೆರವು ಬೇಡಿದರೆಂದು ಬರೆದವನೂ ಅವನೇ. ಹೇಡ್ರಿಯನ್ ಚಕ್ರವರ್ತಿಯ ಕಾಲದ ನಾಣ್ಯಗಳಲ್ಲಿ ಹಿಸ್ಪಾನಿಯಾ ದೇವಿಯ ಪಕ್ಕದಲ್ಲಿ ಒಂದು ಮೊಲ ಕೂತಿರುವುದನ್ನು ಈಗಲೂ ನೋಡಬಹುದು.

ಕುನಿಕುಲುಸ್‌ನಿಂದ ಸ್ಪ್ಯಾನಿಷಿನ ಕೊನೆಹೊ, ಇಟಾಲಿಯನ್ನಿನ ಕೊನಿಲ್ಯೊ, ಪೋರ್ಚುಗೀಸಿನ ಕುವೆಲ್ಯು ಹುಟ್ಟಿದವು. ಈ ಪೋರ್ಚುಗೀಸ್ ಕವಲು ನಮ್ಮ ಮನೆಯೊಳಗೇ ಇದೆ. ಮಂಗಳೂರಿನ ಕ್ರೈಸ್ತ ಕುಟುಂಬಗಳಲ್ಲಿ, ಗೋವೆಯಲ್ಲಿ ಕುವೆಲ್ಲೊ ಎಂಬ ಮನೆತನದ ಹೆಸರು ಎಷ್ಟು ಸಾಮಾನ್ಯವೆಂದು ನಿಮಗೆ ಗೊತ್ತು. ಅದು ಇದೇ ಕುವೆಲ್ಯು, ಇದೇ ಬಿಲಮೊಲ. ಪಾಲೊ ಕೊಯೆಲ್ಹೊ ಎಂದು ಕನ್ನಡ ಓದುಗರು ಬಲ್ಲ ಬ್ರೆಜಿಲ್ಲಿನ ಲೇಖಕನ ಹೆಸರೂ ಅದೇ. ಪೋರ್ಚುಗೀಸರು ಕೊಂಕಣ ಕರಾವಳಿಗೆ ಹೊಸ ಹಣ್ಣು, ಹೊಸ ಸಾಮಾನುಗಳನ್ನು ತಂದಂತೆ ಮನೆತನದ ಹೆಸರುಗಳನ್ನೂ ತಂದರು. ಪ್ರಾಣಿ ಬರದೆ ಬರೀ ಅದರ ಹೆಸರು ಕರಾವಳಿಯಲ್ಲಿ ಇಳಿದು ಶತಮಾನಗಳಿಂದ ನೆಲೆಸಿರುವುದಕ್ಕೆ ಇದಕ್ಕಿಂತ ಚೆಂದದ ಉದಾಹರಣೆ ನನಗೆ ಗೊತ್ತಿಲ್ಲ.

ಹಳೆಯ ಫ್ರೆಂಚಿನಲ್ಲಿ ಅದೇ ಪದ ಎರಡು ರೂಪ ತಾಳಿತು: ಕೊನಿಲ್ ಮತ್ತು ಕೊನಿನ್. ನಮ್ಮ ಯಾತ್ರೆ ನಿಜವಾಗಿ ಹೊರಡುವುದು ಇಲ್ಲಿಂದ. ನಾರ್ಮನ್ನರು 1066ರಲ್ಲಿ ಇಂಗ್ಲೆಂಡನ್ನು ಗೆದ್ದರಷ್ಟೆ. 12ನೆಯ ಶತಮಾನದ ಕೊನೆಯ ದಶಕಗಳಿಂದ ಸಿಲ್ಲಿ, ಲಂಡಿಯಂಥ ಪುಟ್ಟ ದ್ವೀಪಗಳಲ್ಲಿ, ಆಮೇಲೆ ಒಳನಾಡಿನಲ್ಲಿ ಬಿಲಮೊಲಗಳನ್ನು ಬೇಲಿಯೊಳಗೆ ಸಾಕತೊಡಗಿದರು. ಮಾಂಸ ಶ್ರೀಮಂತರ ಊಟದ ಮೇಜಿಗೆ, ತುಪ್ಪಳ ಅಂಗಿಯ ಅಂಚಿಗೆ. ಚಳಿನೆಲಕ್ಕೆ ಒಗ್ಗದ ಆ ಪ್ರಾಣಿಗಾಗಿ ಮಣ್ಣಿನ ಉದ್ದನೆ ದಿಬ್ಬಗಳನ್ನು ಕಟ್ಟಿಸಿಕೊಟ್ಟರು, ಕಾಯಲು ಆಳಿಟ್ಟರು. ಹೀಗೆ ಬಂದ ಪ್ರಾಣಿ ತನ್ನ ಫ್ರೆಂಚ್ ಹೆಸರನ್ನೂ ತಂದಿತು. ಇಂಗ್ಲಿಷಿನಲ್ಲಿ ಅದು ಕನಿ ಆಯಿತು, ವೆಲ್ಷ್ ಭಾಷೆಯಲ್ಲಿ ಕುನಿಂಗೆನ್, ಐರಿಷಿನಲ್ಲಿ ಕುನೀನ್. ಐರಿಷ್ ಜನ ಕುನೀನ್ ಎಂದಾಗೆಲ್ಲ ಆಂಗ್ಲೋ-ನಾರ್ಮನ್ ದೊರೆಗಳ ಬೇಟೆಗಾಡು ಆ ಉಚ್ಚಾರದಲ್ಲಿ ಇಣುಕುತ್ತದೆ.

ಕೊನಿನ್ ರೂಪ ಉತ್ತರಕ್ಕೂ ನಡೆಯಿತು. ಡಚ್ಚರಲ್ಲಿ ಕೊನೈನ್. ಅಲ್ಲಿಂದ ಕರಾವಳಿಯ ಕೆಳ ಜರ್ಮನ್ ಆಡುನುಡಿಗೆ ಹೋಗಿ ಕನೀನ್, ಕಿರಿದೆಂಬ ಪ್ರತ್ಯಯ ಸೇರಿ ಇಂದಿನ ಜರ್ಮನ್ನಿನ ಕನೀನ್‌ಶೆನ್. ಡೇನಿಷ್, ಸ್ವೀಡಿಷ್, ನಾರ್ವೇಜಿಯನ್ ಮೂರರಲ್ಲೂ ಕನೀನ್. ಐಸ್‌ಲೆಂಡಿನಲ್ಲಿ ಕನೀನಾ, ಫಿನ್ನಿಷಿನಲ್ಲಿ ಕನೀನಿ. ಇದನ್ನು ನಕ್ಷೆಯ ಮೇಲಿಟ್ಟು ನೋಡಿದರೆ ಉತ್ತರ ಸಮುದ್ರ ಮತ್ತು ಬಾಲ್ಟಿಕ್ ವ್ಯಾಪಾರದ ದಾರಿ ತಾನಾಗಿ ಮೂಡುತ್ತದೆ. ಡಚ್ಚರು ಪೂರ್ವಕ್ಕೆ ಹಡಗು ಹೊರಡಿಸಿದಾಗ ಅವರ ಪುಟ್ಟ ಬಿಲಮೊಲ, ಅಂದರೆ ಕೊನೈನ್‌ತ್ಯೆ, ಜಾವಾದ ಕಡೆಗೂ ಹೋಯಿತು. ಇಂಡೊನೇಷ್ಯನ್ ಭಾಷೆಯಲ್ಲಿ ಇಂದಿಗೂ ಮೊಲಕ್ಕೆ ಕೆಲಿಂಚಿ ಎನ್ನುತ್ತಾರೆ. ಫ್ರಾನ್ಸಿನ ಸಾಮಂತರ ಬೇಲಿಯಿಂದ ಹೊರಟ ಪದ ಭೂಮಧ್ಯರೇಖೆಯ ಬಳಿ ಈ ವೇಷದಲ್ಲಿ ಸಿಗುತ್ತದೆ. ಪಶ್ಚಿಮಕ್ಕೆ ಹೊರಟ ಡಚ್ಚರು ಇಂದಿನ ನ್ಯೂಯಾರ್ಕಿನ ದಡದಲ್ಲಿ ಒಂದು ದ್ವೀಪಕ್ಕೆ ಕೊನೈನ್ ದ್ವೀಪ ಎಂದರು. ಅದೇ ಇಂದಿನ ಕೋನಿ ಐಲೆಂಡ್ ಎಂಬುದು ಸಾಮಾನ್ಯವಾಗಿ ಒಪ್ಪಿರುವ ವಿವರಣೆ.

ಪೋಲೆಂಡಿನ ಕಡೆಗೆ ಹೋದ ಕವಲು ಇನ್ನೂ ಸೋಜಿಗದ್ದು. ಇದು ಫ್ರೆಂಚಿನ ಮೂಲಕವಲ್ಲ, ಲ್ಯಾಟಿನ್ನಿನಿಂದ ನೇರವಾಗಿ ದಕ್ಷಿಣ ಜರ್ಮನ್ ಆಡುಮಾತಿಗೆ ಬಂದದ್ದು. ಅಲ್ಲಿ ಕುನಿಕುಲುಸ್ ಸವೆದು ‘ಕುನಿಕ್ಲೀನ್’ ಎಂಬಂತಾಯಿತು. ಕೇಳಿದವರ ಕಿವಿಗೆ ಅದು ‘ಪುಟ್ಟ ರಾಜ’ ಎಂಬ ಜರ್ಮನ್ ಮಾತಿನಂತೆ ಕೇಳಿಸಿತು. ಪೋಲಿಷರು ಅದನ್ನು ಹಾಗೆಯೇ ತಮ್ಮ ನುಡಿಗೆ ತಿರುಗಿಸಿದರು: ಕ್ರುಲಿಕ್, ಪುಟ್ಟ ರಾಜ. ಚೆಕ್ಕರಲ್ಲಿ ಕ್ರಾಲೀಕ್, ಪೋಲಿಷಿನಿಂದ ರಷ್ಯನ್ನಿಗೆ ಕ್ರೋಲಿಕ್. ಇನ್ನು ಸ್ಲಾವ್ ಭಾಷೆಗಳಲ್ಲಿ ರಾಜ ಎಂಬ ಈ ಪದವೇ ಬಂದಿದ್ದು 814ರಲ್ಲಿ ತೀರಿಕೊಂಡ ಫ್ರಾಂಕರ ಚಕ್ರವರ್ತಿ ಕಾರ್ಲ್‌ನ, ಅಂದರೆ ಶಾರ್ಲ್‌ಮೇನನ ಹೆಸರಿನಿಂದ. ಮಾಸ್ಕೋದ ಮಗು ಮೊಲವನ್ನು ಕರೆಯುವಾಗ ತನಗೆ ತಿಳಿಯದೆ ಶಾರ್ಲ್‌ಮೇನನ ಹೆಸರು ಹೇಳುತ್ತಿದೆ. ಇಲ್ಲಿ ಆಗಿದ್ದು ಕಿವಿಯ ತಪ್ಪು. ಭಾಷೆಗಳು ತಪ್ಪು ಕೇಳಿಯೂ ಬೆಳೆಯುತ್ತವೆ.

ಎಲ್ಲ ಕಡೆಯೂ ಹೊಸ ಪ್ರಾಣಿಗೆ ಹೊಸ ಹೆಸರು ಬರಲಿಲ್ಲ ಎಂಬುದನ್ನೂ ಹೇಳಬೇಕು. ರುಮೇನಿಯನ್ನರು ‘ಮನೆಯ ಮೊಲ’ ಎಂದರು, ತುರ್ಕರು ‘ದ್ವೀಪದ ಮೊಲ’ ಎಂದರು. ಹಳೆಯ ಹೆಸರಿಗೇ ಒಂದು ವಿಶೇಷಣ. ನಾವು ಎರಡನ್ನೂ ಮಾಡಿದ್ದೇವೆ. ಅನಾನಸು ಬಂದಾಗ ಹಣ್ಣಿನ ಜೊತೆ ಹೆಸರನ್ನೂ ತೆಗೆದುಕೊಂಡೆವು. ಅಮೆರಿಕದ ಖಾರ ಬಂದಾಗ ಹೆಸರನ್ನು ಬಿಟ್ಟು, ನಮ್ಮ ಮೆಣಸಿನ ಹೆಸರಿನಿಂದಲೇ ಅದನ್ನು ಮೆಣಸಿನಕಾಯಿ ಎಂದೆವು. ಬಿಲಮೊಲ ನಮ್ಮಲ್ಲಿಗೆ ಬಂದಾಗ ಎರಡನೆಯ ದಾರಿ ಹಿಡಿದೆವು. ತಮಿಳು ಮಲಯಾಳಗಳ ಮುಯಲ್‌ಗೆ ಒಡಹುಟ್ಟಾದ ನಮ್ಮ ಮೊಲ ಎರಡಕ್ಕೂ ಸಾಕಾಯಿತು.

ಇಲ್ಲಿ ಒಂದು ಸುಳ್ಳು ಕಥೆಯನ್ನು ಬಿಡಿಸಲೇಬೇಕು, ಏಕೆಂದರೆ ಅದು ಪುಸ್ತಕದಿಂದ ಪುಸ್ತಕಕ್ಕೆ ಹರಡಿದೆ. ಸುಮಾರು 600ರಲ್ಲಿ ಪೋಪ್ ಗ್ರೆಗರಿ ಮೊಲದ ಎಳೆಮರಿ ಮಾಂಸವಲ್ಲವೆಂದು ಆಜ್ಞೆ ಹೊರಡಿಸಿದರಂತೆ. ಉಪವಾಸದ ದಿನಗಳಲ್ಲಿ ತಿನ್ನಲೆಂದು ಫ್ರಾನ್ಸಿನ ಸನ್ಯಾಸಿಗಳು ಮೊಲ ಸಾಕತೊಡಗಿದರಂತೆ. ಪ್ರಾಣಿಯನ್ನು ಪಳಗಿಸಿದ ಚರಿತ್ರೆ ಹೀಗೆ ಒಂದೇ ಆಜ್ಞೆಯಿಂದ ಆರಂಭವಾಯಿತಂತೆ. ಆಕ್ಸ್‌ಫರ್ಡಿನ ಸಂಶೋಧಕರು 2018ರಲ್ಲಿ ಇದರ ಬೆನ್ನು ಹತ್ತಿ ಹೋದಾಗ ಅಂಥ ಆಜ್ಞೆಯೇ ಸಿಗಲಿಲ್ಲ. ಸಿಕ್ಕಿದ್ದು ಬೇರೊಬ್ಬ ಗ್ರೆಗರಿ: 6ನೆಯ ಶತಮಾನದಲ್ಲಿ ಫ್ರಾಂಕರ ಚರಿತ್ರೆ ಬರೆದ ತೂರ್ ಪಟ್ಟಣದ ಬಿಷಪ್ ಗ್ರೆಗರಿ. ಒಬ್ಬಾತ ಉಪವಾಸದ ಕಾಲದಲ್ಲಿ ಮೊಲದ ಮರಿ ತಿಂದನೆಂದು ಅವನು ಬರೆದಿದ್ದಾನೆ, ಅಷ್ಟೆ. ಇಬ್ಬರು ಗ್ರೆಗರಿಗಳು ಒಬ್ಬರಾದರು, ಒಂದು ವಾಕ್ಯ ಆಜ್ಞೆಯಾಯಿತು. ನಿರುಕ್ತದಲ್ಲಿ ಇಂಥವು ಧಾರಾಳ. ಅಂದದ ಕಥೆ ಸಿಕ್ಕಿದ ಮೇಲೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರನ್ನು ಒಪ್ಪಿಸುವುದು ಕಷ್ಟ. ಆದರೂ ಕಾಲು ಎಣಿಸುವುದು ನಮ್ಮ ಕೆಲಸ.

ಕೊನಿನ್ ಇಷ್ಟೆಲ್ಲ ದೇಶಗಳನ್ನು ಸುತ್ತಿತು. ಆದರೆ ಹುಟ್ಟಿದ ಮನೆಯಲ್ಲೇ ಅದು ಸತ್ತುಹೋಯಿತು. ಇಂದಿನ ಫ್ರೆಂಚರು ಅದನ್ನು ಬಳಸುವುದಿಲ್ಲ. ಕಾರಣ ಅದರ ದನಿ. ಫ್ರೆಂಚಿನಲ್ಲಿ ಹೆಣ್ಣಿನ ಜನನಾಂಗಕ್ಕಿರುವ ಒರಟು ಮಾತು ಕೊನಿನ್ ಪದದ ಮೊದಲ ಉಚ್ಚಾರಾಂಶಕ್ಕೆ ತೀರ ಹತ್ತಿರ. ಮಧ್ಯಯುಗದ ಹಾಸ್ಯಗಾರರು ಈ ಶ್ಲೇಷೆಯನ್ನು ಬಿಡದೆ ಬಳಸಿದರು. ಕ್ರಮೇಣ ಊಟದ ಮೇಜಿನಲ್ಲಿ, ಹೆಂಗಸರ ಮುಂದೆ, ಮಕ್ಕಳ ಮುಂದೆ ಆ ಪದ ಹೇಳುವುದು ಮುಜುಗರದ ಸಂಗತಿಯಾಯಿತು. ಆಗ ಕೈಗೆ ಸಿಕ್ಕಿದ್ದು ಮರಿಯ ಹೆಸರು. ಬಿಲಮೊಲದ ಮರಿಗೆ ಲಪ್ರೋ ಎಂಬ ಮಾತಿತ್ತು. ಅದರ ಬೇರು ಕೂಡ ಬಹುಶಃ ಐಬೀರಿಯಾದ್ದು. ಪೋರ್ಚುಗೀಸಿನಲ್ಲಿ ಮರಿಗೆ ಲಾಪರು ಎಂಬ ಮಾತಿದೆ. ಲಪ್ರೋದ ಬಾಲ ಕತ್ತರಿಸಿ 15ನೆಯ ಶತಮಾನದಲ್ಲಿ ಲಪ್ಯಾಂ ಕಾಣಿಸಿಕೊಂಡಿತು. 17ನೆಯ ಶತಮಾನದ ಹೊತ್ತಿಗೆ ಕೊನಿನ್ ಜಾಗವನ್ನು ಅದೇ ಹಿಡಿದಿತ್ತು.

ಇಂಗ್ಲಿಷ್ ಕಡಲ್ಗಾಲುವೆಯ ಆಚೆ ದಡದಲ್ಲೂ ಇದೇ ನಡೆಯಿತು ಎಂಬುದು ನನ್ನನ್ನು ಈ ವಿಷಯಕ್ಕೆ ಸೆಳೆದ ಸಂಗತಿ. ಇಂಗ್ಲಿಷಿನಲ್ಲಿ ಬೆಳೆದ ಪ್ರಾಣಿ ಕನಿ, ಅದರ ಮರಿ ರ್‍ಯಾಬಿಟ್. ಈ ರ್‍ಯಾಬಿಟ್ ಕೂಡ ಬೆಲ್ಜಿಯಂ ಕಡೆಯ ವಲ್ಲೂನ್ ಫ್ರೆಂಚಿನ ರೊಬೆಟ್ ಎಂಬ ಪದದ ಸಂಬಂಧಿ. ಕನಿ ಎಂಬುದು ಹನಿ, ಮನಿ ಎಂಬ ಇಂಗ್ಲಿಷ್ ಪದಗಳಿಗೆ ಪ್ರಾಸವಾಗುತ್ತಿತ್ತು. ಅಲ್ಲಿಯೂ ಅಶ್ಲೀಲ ಪದವೊಂದು ಪಕ್ಕದಲ್ಲೇ ಕಾದಿತ್ತು. ಮರಿಯ ಹೆಸರು ದೊಡ್ಡದಕ್ಕೂ ಸಂದಿತು, ಕನಿ ಹಿಂದೆ ಸರಿಯಿತು. ಆದರೆ ಪೂರ್ತಿ ಅಳಿಸಲಾಗಲಿಲ್ಲ, ಏಕೆಂದರೆ 1611ರ ಬೈಬಲ್ ಅನುವಾದದಲ್ಲಿ ಅದು ಕೂತುಬಿಟ್ಟಿತ್ತು. ಹೀಬ್ರೂವಿನ ಶಾಫಾನ್ ಎಂಬ ಬಂಡೆಯ ಪ್ರಾಣಿಯನ್ನು ಕಂಡರಿಯದ ಅನುವಾದಕರು ಕನಿ ಎಂದು ಬರೆದಿದ್ದರು. ದೇವರ ವಾಕ್ಯವನ್ನು ಬದಲಿಸುವಂತಿಲ್ಲ, ಇಗರ್ಜಿಯಲ್ಲಿ ಗಟ್ಟಿಯಾಗಿ ಓದುವಂತೆಯೂ ಇಲ್ಲ. ಕಂಡುಕೊಂಡ ದಾರಿ ಉಚ್ಚಾರವನ್ನು ತಿದ್ದುವುದು: ಕನಿ ಹೋಗಿ ಕೋನಿ ಆಯಿತು.

ನಮಗೆ ಇದು ಅಪರಿಚಿತವೇನಲ್ಲ. ರಾತ್ರಿ ಹೊತ್ತು ಹಾವು ಎನ್ನದೆ ಹುಳ ಎನ್ನುವ ಮನೆಗಳು ಇನ್ನೂ ಇವೆ. ಬಳೆ ಒಡೆಯಿತು ಎನ್ನದೆ ಹೆಚ್ಚಿತು ಎನ್ನುತ್ತೇವೆ, ದೀಪ ಆರಿಸು ಎನ್ನದೆ ದೊಡ್ಡದು ಮಾಡು ಎನ್ನುತ್ತೇವೆ. ಅಶುಭದ ಭಯ ಮಾತನ್ನು ಬದಲಿಸುತ್ತದೆ, ನಾಚಿಕೆಯೂ ಬದಲಿಸುತ್ತದೆ. ನಾಚಿಕೆಯಿಂದ ಹುಟ್ಟಿದ ಲಪ್ಯಾಂ ಮುಂದೆ ಭಯಕ್ಕೂ ಗುರಿಯಾಯಿತು. ಫ್ರೆಂಚ್ ನಾವಿಕರು ಹಡಗಿನಲ್ಲಿ ಆ ಪದವನ್ನು ಉಚ್ಚರಿಸುವುದಿಲ್ಲ. ‘ಉದ್ದ ಕಿವಿಯ ಪ್ರಾಣಿ’ ಎನ್ನುತ್ತಾರೆ. ಸರಕಿನ ಜೊತೆ ಇದ್ದ ಮೊಲಗಳು ಹಗ್ಗ ಕಡಿದು ಹಡಗು ಮುಳುಗಿಸಿದವೆಂಬುದು ಅವರು ಕೊಡುವ ಕಾರಣ. ಇಂಗ್ಲೆಂಡಿನ ದಕ್ಷಿಣ ತೀರದ ಪೋರ್ಟ್‌ಲೆಂಡ್ ದ್ವೀಪದಲ್ಲಿ ಕಲ್ಲುಗಣಿಯವರು ರ್‍ಯಾಬಿಟ್ ಎಂಬ ಪದವನ್ನು ಹೀಗೆಯೇ ದೂರವಿಟ್ಟಿದ್ದಾರೆ. ಬಿಲ ತೋಡುವ ಪ್ರಾಣಿ ಬಂಡೆ ಕುಸಿಯುವಂತೆ ಮಾಡೀತು ಎಂಬ ಅಂಜಿಕೆ. 2005ರಲ್ಲಿ ಮೊಲದ ಕಥೆಯ ಅನಿಮೇಷನ್ ಚಿತ್ರವೊಂದು ಬಂದಾಗ ಆ ದ್ವೀಪಕ್ಕೆಂದೇ ಆ ಪದವಿಲ್ಲದ ಭಿತ್ತಿಪತ್ರ ಮಾಡಿಸಬೇಕಾಯಿತು. ವಾರ್ರೋ ಹೇಳಿದ ಕುಸಿದ ಪಟ್ಟಣ ಎರಡು ಸಾವಿರ ವರ್ಷಗಳ ನಂತರವೂ ಗಣಿಗಾರರ ಮನಸ್ಸಿನಲ್ಲಿ ಕುಸಿಯುತ್ತಲೇ ಇದೆ.

ಇನ್ನು ಲಪ್ಯಾಂನ ಸ್ವಂತ ಪ್ರಯಾಣ. ಕೊನಿನ್ ಪ್ರಾಣಿಯ ಜೊತೆ ಹೋಯಿತು. ಲಪ್ಯಾಂ ಹೊರಡುವ ಹೊತ್ತಿಗೆ ಯೂರೋಪಿನ ಭಾಷೆಗಳಲ್ಲಿ ಆ ಜಾಗ ಖಾಲಿ ಇರಲಿಲ್ಲ. ಹಾಗಾಗಿ ಅದು ಬೇರೆ ಬಾಗಿಲುಗಳನ್ನು ಹುಡುಕಿತು. ಒಂದು ಬಾಗಿಲು ತುಪ್ಪಳದ ವ್ಯಾಪಾರ. ಕತ್ತರಿಸಿ ಬಣ್ಣ ಹಾಕಿದ ಮೊಲದ ತುಪ್ಪಳಕ್ಕೆ ಇಂಗ್ಲಿಷಿನಲ್ಲೂ ಇಟಾಲಿಯನ್ನಿನಲ್ಲೂ ಲಪ್ಯಾಂ ಎಂಬ ಹೆಸರು ನಿಂತಿತು. ತಮ್ಮದೇ ಪದಗಳಿದ್ದರೂ ಫ್ರೆಂಚ್ ಹೆಸರಿಟ್ಟರೆ ಬೆಲೆ ಏರುತ್ತದೆ ಎಂಬ ಲೆಕ್ಕ. ಅಮೆರಿಕದಲ್ಲಿ 1951ರ ಕಾನೂನು, ತುಪ್ಪಳದ ಚೀಟಿಯಲ್ಲಿ ಪ್ರಾಣಿಯ ನಿಜವಾದ ಹೆಸರು ಬರೆಯಬೇಕೆಂದು ವಿಧಿಸಿತು. ಇನ್ನೊಂದು ಬಾಗಿಲು ಸಾಹಿತ್ಯ. ರಿಚರ್ಡ್ ಆಡಮ್ಸ್ 1972ರ ವಾಟರ್‌ಶಿಪ್ ಡೌನ್ ಕಾದಂಬರಿಯಲ್ಲಿ ಮೊಲಗಳಿಗೆ ಒಂದು ನುಡಿಯನ್ನೇ ಕಟ್ಟಿಕೊಟ್ಟ, ಅದಕ್ಕೆ ಲಪೀನ್ ಎಂದು ಹೆಸರಿಟ್ಟ. ಆ ನುಡಿಯಲ್ಲಿ ನಾಲ್ಕರಾಚೆಯ ಎಣಿಕೆಗೆಲ್ಲ ಒಂದೇ ಪದ, ಏಕೆಂದರೆ ಅವನ ಮೊಲಗಳು ಎಣಿಸಬಲ್ಲದ್ದು ನಾಲ್ಕರವರೆಗೆ ಮಾತ್ರ. ಜಪಾನಿನ ಸುಜುಕಿ ಕಂಪನಿ 2002ರಲ್ಲಿ ಒಂದು ಪುಟ್ಟ ಕಾರಿಗೆ ಲಪ್ಯಾಂ ಎಂಬ ಹೆಸರನ್ನೂ ಮೊಲದ ಮುದ್ರೆಯನ್ನೂ ಕೊಟ್ಟಿತು.

ಇವೆಲ್ಲ ಅಲಂಕಾರದ ಎರವಲುಗಳು. ಲಪ್ಯಾಂ ನಿಜವಾಗಿ ಬೇರುಬಿಟ್ಟಿದ್ದು ಗುಲಾಮರ ಬಾಯಲ್ಲಿ. 18ನೆಯ ಶತಮಾನದ ಮೊದಲರ್ಧದಲ್ಲಿ ಫ್ರೆಂಚ್ ಹಡಗುಗಳು ಉತ್ತರ ಅಮೆರಿಕದ ಲೂಸಿಯಾನಕ್ಕೆ ಸಾಗಿಸಿದ ಆಫ್ರಿಕನ್ನರಲ್ಲಿ ಬಹುಪಾಲು ಪಶ್ಚಿಮ ಆಫ್ರಿಕದ ಸೆನೆಗಾಂಬಿಯಾದವರು. ಅವರ ನಾಡಿನ ಕಥೆಗಳಲ್ಲಿ ಒಂದು ಜೋಡಿ ಇತ್ತು: ಜಾಣ ಕಾಡುಮೊಲ, ಹೊಟ್ಟೆಬಾಕ ಪೆದ್ದ ಕತ್ತೆಕಿರುಬ. ವೊಲೊಫ್ ನುಡಿಯಲ್ಲಿ ಮೊಲಕ್ಕೆ ಲೆಗ್, ಕತ್ತೆಕಿರುಬಕ್ಕೆ ಬುಕ್ಕಿ. ಆ ಮೊಲ ನಮಗೆ ಗೊತ್ತಿರುವ ಮೊಲವೇ. ಪಂಚತಂತ್ರದಲ್ಲಿ ಸಿಂಹವನ್ನು ಬಾವಿಗೆ ಹಾರಿಸಿದ್ದು ಅದರ ಬಂಧು. ಆಫ್ರಿಕದ ಶಾಲಾ ಮಕ್ಕಳಿಗಾಗಿ ಸೆನೆಗಲ್ಲಿನ ಕವಿ ಸೆಂಗೋರ್ ಮತ್ತು ಲೇಖಕ ಅಬ್ದುಲಾಯ್ ಸಾಜಿ 1953ರಲ್ಲಿ ಆ ಮೊಲದ ಕಥೆಗಳನ್ನು ಫ್ರೆಂಚಿನಲ್ಲಿ ಬರೆದಾಗ ಅದಕ್ಕೆ ಅದರ ವೊಲೊಫ್ ಹೆಸರನ್ನೇ ಉಳಿಸಿದರು.

ಲೂಸಿಯಾನದ ಕಬ್ಬಿನ ಗದ್ದೆಗಳಲ್ಲಿ ಆ ಕಥೆಗಳು ಕ್ರಿಯೋಲ್ ನುಡಿಯಲ್ಲಿ ಮತ್ತೆ ಹುಟ್ಟಿದವು. ಒಡೆಯನ ಭಾಷೆಯ ಪದಗಳನ್ನು ತೆಗೆದುಕೊಂಡು ಆಳುಗಳು ಕಟ್ಟಿದ ನುಡಿ ಅದು. ಹೊಸ ನೆಲದಲ್ಲಿಯೂ ಮೊಲಗಳಿದ್ದವು, ಒಡೆಯರು ಅವನ್ನು ಲಪ್ಯಾಂ ಎನ್ನುತ್ತಿದ್ದರು. ಜಾಣ ಲೆಗ್ ಹೀಗೆ ಲಪ್ಯಾಂ ಆಯಿತು. ಕತ್ತೆಕಿರುಬ ಅಮೆರಿಕದಲ್ಲಿಲ್ಲ. ಒಡೆಯರ ಬಾಯಲ್ಲಿ ಅದಕ್ಕೆ ದಿನಬಳಕೆಯ ಹೆಸರಿಲ್ಲದ್ದರಿಂದ ಬುಕ್ಕಿ ಬುಕ್ಕಿಯಾಗಿಯೇ ಉಳಿಯಿತು. ಹಾಗಾಗಿ ಕಥೆಯ ಜೋಡಿಗೆ ಬಂದ ಹೆಸರು ಕೊಂಪೆ ಲಪ್ಯಾಂ, ಕೊಂಪೆ ಬುಕ್ಕಿ: ಲಪ್ಯಾಂ ಬಾವ, ಬುಕ್ಕಿ ಬಾವ. ಒಂದು ಹೆಸರು ಫ್ರೆಂಚಿನದು, ಒಂದು ವೊಲೊಫಿನದು. ಕತ್ತೆಕಿರುಬವನ್ನು ಕಣ್ಣಾರೆ ಕಾಣದ ತಲೆಮಾರುಗಳು ಬುಕ್ಕಿ ಎಂದರೆ ಎಂಥ ಪ್ರಾಣಿಯೆಂದು ಕ್ರಮೇಣ ಮರೆತವು, ಹೆಸರನ್ನು ಮರೆಯಲಿಲ್ಲ. ಪಳೆಯುಳಿಕೆಗಾಗಿ ಮಣ್ಣು ಅಗೆಯುವವರಿಗೆ ಸಿಗದಂಥ ಸಾಕ್ಷ್ಯ ಇದು. ಈ ಜನ ಯಾವ ನಾಡಿನಿಂದ ಬಂದವರೆಂದು ಹಡಗಿನ ದಾಖಲೆಗಳು ಹೇಳದಿದ್ದರೂ ಈ ಒಂದು ಹೆಸರು ಹೇಳುತ್ತದೆ.

ನ್ಯೂ ಆರ್ಲಿಯನ್ಸಿನ ಟುಲೇನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕನಾಗಿದ್ದ ಆಲ್ಸೆ ಫೋರ್ಟಿಯೆ ಈ ಕಥೆಗಳನ್ನು ಕಲೆಹಾಕಿ 1895ರಲ್ಲಿ ಅಮೆರಿಕನ್ ಜಾನಪದ ಸಂಘದ ಮೂಲಕ ಪ್ರಕಟಿಸಿದ. ಇಂಗ್ಲಿಷ್ ಅನುವಾದದ ಜೊತೆ ಕ್ರಿಯೋಲ್ ಪಠ್ಯವನ್ನೂ ಅಚ್ಚು ಹಾಕಿಸಿದ್ದು ಅವನ ದೊಡ್ಡ ಉಪಕಾರ. ಅನುವಾದವಷ್ಟೇ ಉಳಿದಿದ್ದರೆ ಲಪ್ಯಾಂ ರ್‍ಯಾಬಿಟ್ ಆಗಿಬಿಡುತ್ತಿತ್ತು, ದಾರಿಯ ಗುರುತು ಅಳಿಸಿಹೋಗುತ್ತಿತ್ತು. ಜಾನಪದ ಸಂಗ್ರಹಕ್ಕೆ ಕೈಹಾಕುವ ನಮ್ಮ ವಿದ್ಯಾರ್ಥಿಗಳಿಗೆ ನಾನು ಇದನ್ನು ಒತ್ತಿ ಹೇಳುತ್ತೇನೆ. ಹೇಳಿದವರ ಬಾಯ ಮಾತನ್ನು ಶಿಷ್ಟಗನ್ನಡಕ್ಕೆ ತಿದ್ದಿ ಬರೆದುಕೊಳ್ಳಬೇಡಿ. ನಿಮಗೆ ತಪ್ಪೆಂದು ಕಂಡ ಉಚ್ಚಾರವೇ ನಾಳೆ ಒಂದು ವಲಸೆಯ ಏಕೈಕ ದಾಖಲೆಯಾದೀತು.

ಕೆರಿಬಿಯನ್ ದ್ವೀಪಗಳಲ್ಲಿ ಈ ಜೋಡಿ ಬೇರೆ ಬೇರೆ ರೂಪ ಪಡೆಯಿತು. ಸೇಂಟ್ ಲೂಸಿಯಾದಲ್ಲಿ ಕೊಂಪೆ ಲಪ್ಯಾಂ ಇಂದಿಗೂ ಕಥೆಯ ನಾಯಕ. ಹೈಟಿಯಲ್ಲಿ ಬುಕ್ಕಿ ಉಳಿಯಿತು, ಅದರ ಎದುರಿನ ಜಾಣನ ಜಾಗಕ್ಕೆ ಮೊಲದ ಬದಲು ತಿ ಮಲಿಸ್ ಎಂಬವನು ಬಂದ. ಆ ಕಥೆಗಳನ್ನು ಹೈಟಿಯ ವಿದುಷಿ ಸುಜಾನ್ ಕೊಂಹೇರ್-ಸಿಲ್ವೇನ್ ಆಫ್ರಿಕದ ಕಥೆಗಳೊಂದಿಗೆ ಹೋಲಿಸಿ ಅಭ್ಯಾಸ ಮಾಡಿದರು. ಅವರ ಪುಸ್ತಕ 1937ರಲ್ಲಿ ಹೊರಬಂತು. ಕಥೆಯಿಂದ ಹೊರಬಿದ್ದ ಲಪ್ಯಾಂ ಪದ ಮಾತ್ರ ಹೈಟಿಯ ಮನೆಯಂಗಳದಲ್ಲಿ, ಸಂತೆಯಲ್ಲಿ ಬಳಕೆಯಲ್ಲಿದೆ. ಹೈಟಿಯ ಕ್ರಿಯೋಲ್ ಇಂದು ತನ್ನದೇ ಕಾಗುಣಿತವಿರುವ, ಫ್ರೆಂಚಿನ ಜೊತೆ ದೇಶದ ಅಧಿಕೃತ ಸ್ಥಾನ ಪಡೆದ ಭಾಷೆ. ಅದರಲ್ಲಿ ಈ ಪದವನ್ನು ಪ್ಯಾರಿಸಿನವರು ಬರೆಯುವ ಹಾಗೆ ಬರೆಯುವುದಿಲ್ಲ, ಹೈಟಿಯವರು ಉಚ್ಚರಿಸುವ ಹಾಗೆ ಬರೆಯುತ್ತಾರೆ.